ವೀಕ್ಷಣಾ ಸ್ಥಳ ನಾಲ್ಕು

ಆಸ್ಪತ್ರೆಯ ಲಾಂಡ್ರಿಗೆ ವರ್ಷಕ್ಕೊಂದೇ ರಜೆ,
ಬಾಯ್ಲರ್ ತೊಳೆಯುವ ದಿನ.
ಈ ಸಲ ಹನ್ನೊಂದು ಜನ ಟೆಂಪೋ ಹತ್ತಿದೆವು
ದಾವಣಗೆರೆಯಿಂದ ಹರಿಹರಕ್ಕೆ, ಹೊಳೆದಂಡೆಯ ಹೊಸ ಪಾರ್ಕಿಗೆ.
ಒಂದು ಚೀಲ ಮಂಡಕ್ಕಿ, ಬಿಸಿಯಿರುವಾಗಲೇ ಕಟ್ಟಿಸಿದ ಮೆಣಸಿನಕಾಯಿ,
ರೇಷ್ಮಾಬಾನುವಿನ ಬುತ್ತಿ, ಸೂಪರ್‌ವೈಸರ್ ತಿಪ್ಪೇಶಿಯ ಹಾಡಿನ ಡಬ್ಬಿ.

ಗೇಟಿನಲ್ಲಿ ತಲೆಗೆ ಇಪ್ಪತ್ತು.
ಕೊಟ್ಟೆ.
ಈ ದಾರಿಗೆ ಯಾವತ್ತೂ ಕೊಟ್ಟವಳಲ್ಲ.
ಆಗ ನಮಗೂ ಪುಕ್ಕಟೆ, ಕತ್ತೆಗೂ ಪುಕ್ಕಟೆ.

ಒಳಗೆ ಹಳದಿ ಬಾಣ:
ನಡಿಗೆ ಪಥ, ಎರಡೂವರೆ ಕಿಲೋಮೀಟರ್, ಸುಲಭ.
ಸುಲಭವಂತೆ.
ಒದ್ದೆ ಗಂಟು ಹೊತ್ತು ಏರಿದವರನ್ನು
ಕೇಳಿ ಬರೆದ ಬೋರ್ಡಲ್ಲ ಅದು.

ಕೊಟ್ರಮ್ಮ, ಅರವತ್ತರ ಹತ್ತಿರದವಳು,
ಹಗ್ಗದ ಸೇತುವೆಯ ನಡುವೆ ನಿಂತು ಚೀರಿದಳು.
ತಿಪ್ಪೇಶಿ ಕಿತ್ತಳೆ ಜಾಕೆಟ್ಟು ತೊಟ್ಟು
ಹರಿಗೋಲಿನಲ್ಲಿ ಕೂತ, ದೇವರಿಗೆ ಬಿಟ್ಟ ಹೋತದ ಹಾಗೆ.
ನಾನು ನಕ್ಕೆ. ಯಾರಿಗೂ ಹೇಳಲಿಲ್ಲ.
ಹೇಳುವುದೇನು? ಇಲ್ಲಿ ಜಾಲಿ ಇತ್ತು, ಅಲ್ಲಿ ಉಬ್ಬೆಯ ಒಲೆ,
ಈ ಬೆಂಚಿನ ಕೆಳಗೆಲ್ಲೋ ನನ್ನ ಬಳೆಚೂರು ಇದ್ದೀತು.

ತಿರುವಿನಲ್ಲಿ ಕಲ್ಲು.
ಸುತ್ತ ಸರಪಳಿ, ಪಕ್ಕದಲ್ಲಿ ಫಲಕ:
ವೀಕ್ಷಣಾ ಸ್ಥಳ ೪. ಇಲ್ಲಿಂದ ನೀರುಕಾಗೆ, ಮಿಂಚುಳ್ಳಿ ನೋಡಬಹುದು.
ಕಲ್ಲಿನ ಬಗ್ಗೆ ಒಂದಕ್ಷರವಿಲ್ಲ.
ನಡುವೆ ಬೋಗುಣಿಯಷ್ಟು ತಗ್ಗು.
"ನೀರು ಸವೆಸಿದ್ದು" ಎಂದು ಯಾರೋ ಅಪ್ಪ ಮಗನಿಗೆ ತೋರಿಸುತ್ತಿದ್ದ.
ಹೌದು, ನೀರೇ.
ದ್ಯಾಮವ್ವ ಎಂಬ ನೀರು,
ದ್ಯಾಮವ್ವನ ಅತ್ತೆ ಎಂಬ ನೀರು.

ಅವ್ವನಿಗೆ ಓದು ಬಾರದು.
ಕೇರುಬೀಜದ ಕಪ್ಪಿನಲ್ಲಿ ಬಟ್ಟೆಯಂಚಿಗೆ ಗುರುತು ಇಡುತ್ತಿದ್ದಳು:
ಎರಡು ಚುಕ್ಕಿ ಮಾಸ್ತರರದು,
ಚುಕ್ಕಿಯ ಮೇಲೊಂದು ಗೆರೆ ರೈಸ್‌ಮಿಲ್ಲಿನವರದು,
ಕತ್ತರಿ ಗುರುತು ಪೊಲೀಸ್ ಲೈನಿನದು.
ಊರಿಗೆ ಊರೇ ಅವಳ ಲಿಪಿಯಲ್ಲಿತ್ತು.
ಗುರುತಿಲ್ಲದ್ದು ನಮ್ಮದು.

ಊಟಕ್ಕೆ ಅಲ್ಲೇ ಕೂತೆವು.
ರೇಷ್ಮಾಳ ಕೈ ತಪ್ಪಿ ಶೇಂಗಾಚಟ್ನಿಯ ಎಣ್ಣೆ ನನ್ನ ಸೆರಗಿಗೆ.
"ಅಯ್ಯೋ, ನಾಳೆ ಮಷಿನ್ನಿಗೆ ಹಾಕೋಣ ಬಿಡಕ್ಕಾ."
ಕಲೆಯ ವಿಚಾರ ನನಗೆ ಹೇಳುತ್ತಾಳೆ!
ರಕ್ತಕ್ಕೆ ತಣ್ಣೀರು, ಅರಿಶಿನಕ್ಕೆ ಬಿಸಿಲು,
ಎಣ್ಣೆಗೆ ತಡ ಮಾಡಬಾರದು.
ಸರಪಳಿ ದಾಟಿದ್ದು ಯಾವಾಗಲೋ.
ದಂಡೆಯ ಮಣ್ಣು ತಿಕ್ಕಿ, ಅದ್ದಿ, ಹಿಂಡಿ, ಎತ್ತಿ
ಹುಷ್ಷ್
ಕಲ್ಲಿಗೆ ನನ್ನ ತೋಳು ನೆನಪಿತ್ತು.
ಹುಷ್ಷ್
ಆಚೆ ದಡದಿಂದ ಅದೇ ಸದ್ದು, ಒಂದು ಉಸಿರು ತಡವಾಗಿ,
ಅಲ್ಲಿಯೂ ಯಾರೋ ಒಗೆಯುತ್ತಿದ್ದಾರೆ ಎಂದು
ಚಿಕ್ಕಂದಿನಲ್ಲಿ ನಾನು ನಂಬಿದ್ದಂತೆ.

ಆಮೇಲೆ ಸಿಳ್ಳೆ.
ಇಸ್ತ್ರಿಯ ಮಡಿಕೆ ಮುರಿಯದ ಖಾಕಿ, ಎದೆಯ ಮೇಲೆ ಹೆಸರು ಹಾಲೇಶ.
"ಬೋರ್ಡ್ ಕಾಣಂಗಿಲ್ಲೇನ್ರಿ? ಇಲ್ಲಿ ಬಟ್ಟೆ ಒಗಿಯಂಗಿಲ್ಲ."
ತಿಪ್ಪೇಶಿ ಬೇಡಿಕೊಂಡ. ಕೊಟ್ರಮ್ಮ ಜಗಳಕ್ಕೆ ನಿಂತಳು.
"ಬರಿಯಪ್ಪಾ" ಅಂದೆ ನಾನು.
ಮೊಣಕಾಲ ಮೇಲೆ ಪುಸ್ತಕವಿಟ್ಟು ಬರೆದ, ನಿಧಾನಕ್ಕೆ:
ಸ್ಥಳ, ನಾಲ್ಕನೇ ಕಲ್ಲು.
ಕಾರಣ, ಬಟ್ಟೆ ಒಗೆದದ್ದು.
ಹೆಸರು ಹೇಳಿದೆ. ತಾಯಿಯ ಹೆಸರೂ ಹೇಳಿದೆ.
"ಅದು ಬೇಕಿಲ್ರಿ."
"ಇರಲಿ, ಬರಿ."
ಜಾಗ ಸಾಲದೆ ಅಂಚಿನಲ್ಲಿ ಬರೆದ.
ನೂರು ರೂಪಾಯಿ.

ದಂಡೆಗೆ ಹೋಗಿ ದಂಡ ಕಟ್ಟಿದಳೆಂದು
ಟೆಂಪೋ ತುಂಬ ನಗು, ನನ್ನದೂ ಸೇರಿ.
ರಸೀದಿ ಎಲೆಯಡಿಕೆಯ ಸಂಚಿಯಲ್ಲಿತ್ತು, ಸೆರಗು ಕಿಟಕಿಯ ಗಾಳಿಗೆ.
ಕಲೆ ಪೂರ್ತಿ ಹೋಗಿರಲಿಲ್ಲ, ಖರೆ.
ನಾಳೆ ಮಷಿನ್ನಿಗೆ ಹಾಕಿದರಾಯಿತು.